ಸ್ಪಾಂಡಿಲೋಲೈಸಿಸ್: ಆಡುವ ಮಕ್ಕಳ ಸೊಂಟದ ಮೂಳೆಯ ಬಿರುಕು

ಬೆನ್ನುಮೂಳೆಯ ಪ್ರತಿ ಮಣಿಯ ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಕಿರಿದಾದ ಮೂಳೆಯ ಪಟ್ಟಿ ಇರುತ್ತದೆ. ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ ಇರುವ ಈ ಪಟ್ಟಿಗೆ ವೈದ್ಯರು ‘ಪಾರ್ಸ್’ ಎನ್ನುತ್ತಾರೆ. ಅಲ್ಲಿ ಬಿರುಕು ಬಿಟ್ಟರೆ ಅದೇ ಸ್ಪಾಂಡಿಲೋಲೈಸಿಸ್. ಬಹುಪಾಲು ಬಿರುಕು ಕಾಣುವುದು ಸೊಂಟದ ಕಟ್ಟಕಡೆಯ ಮಣಿಯಾದ ಎಲ್5ರಲ್ಲಿ.

ಸಾಮಾನ್ಯವಾಗಿ ಇದು ಒಂದೇ ಪೆಟ್ಟಿಗೆ ಆಗುವುದಲ್ಲ. ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದಲ್ಲ, ಹಾಗೆ ದಿನದಿನದ ಒತ್ತಡಕ್ಕೆ ಮೂಳೆ ಸೋಲುತ್ತದೆ. ಹದಿಹರೆಯದಲ್ಲಿ ಈ ಭಾಗ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ನಡುವನ್ನು ಹಿಂದಕ್ಕೆ ಬಾಗಿಸುವ ಜಿಮ್ನಾಸ್ಟಿಕ್ಸ್, ಭಾರ ಎತ್ತುವಿಕೆ, ಎಲ್ಲಕ್ಕಿಂತ ನಮಗೆ ಹತ್ತಿರದ ಫಾಸ್ಟ್ ಬೌಲಿಂಗ್‌ನಲ್ಲಿ ಇದು ಹೆಚ್ಚು.

ಬೌಲರ್‌ನ ಮುಂಗಾಲು ಕ್ರೀಸಿಗೆ ಬಡಿಯುವ ಆ ಒಂದು ಕ್ಷಣ ನೋಡಿ. ದೇಹದ ತೂಕದ ಹಲವು ಪಟ್ಟು ಬಲ ನೆಲದಿಂದ ಮೇಲಕ್ಕೆ ನುಗ್ಗುತ್ತದೆ. ಅದೇ ಹೊತ್ತಿಗೆ ನಡು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗುತ್ತದೆ. ಬಲಗೈ ಬೌಲರ್‌ಗಳಲ್ಲಿ ಬಿರುಕು ಸಾಮಾನ್ಯವಾಗಿ ಎಡಬದಿಯಲ್ಲಿ ಕಾಣಿಸುತ್ತದೆ. 2019ರಲ್ಲಿ ಜಸ್‌ಪ್ರೀತ್ ಬುಮ್ರಾ ಸೊಂಟದ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ, ಅಂದರೆ ಪದೇಪದೇ ಬೀಳುವ ಒತ್ತಡದಿಂದಾದ ಬಿರುಕಿನಿಂದ, ತಂಡದಿಂದ ಹೊರಗುಳಿದರು. ನಮ್ಮ ಪ್ರಸಿದ್ಧ್ ಕೃಷ್ಣ ಅಂಥದೇ ತೊಂದರೆಗೆ 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

ಆಡುವಾಗ, ಹಿಂದಕ್ಕೆ ಬಾಗಿದಾಗ ಸೊಂಟ ನೋಯುತ್ತದೆ. ನಾಲ್ಕು ದಿನ ಸುಮ್ಮನಿದ್ದರೆ ಇಳಿಯುತ್ತದೆ. ಮೋಸ ಇರುವುದು ಇಲ್ಲೇ. ಉಳುಕಿರಬೇಕು ಎಂದು ಎಣ್ಣೆ ತಿಕ್ಕಿ ಮತ್ತೆ ನೆಟ್ಸ್‌ಗೆ ಕಳಿಸುತ್ತೇವೆ. ಎಕ್ಸ್‌ರೇ ಸರಿಯಾಗಿದೆ ಎಂದ ಮಾತ್ರಕ್ಕೆ ನೆಮ್ಮದಿಪಡುವಂತಿಲ್ಲ. ಆರಂಭದ ಬಿರುಕು ಅದರಲ್ಲಿ ತಪ್ಪಿಹೋಗಬಹುದು, ಎಂಆರ್‌ಐನಲ್ಲಿ ಸಿಗುತ್ತದೆ. ಬೇಗ ಗೊತ್ತಾದರೆ ಕೆಲವು ತಿಂಗಳು ಆಟ ನಿಲ್ಲಿಸಿ, ಫಿಸಿಯೋಥೆರಪಿ ಮಾಡಿಸಿದರೆ ಹೆಚ್ಚಿನ ಮಕ್ಕಳು ಮತ್ತೆ ಮೈದಾನಕ್ಕಿಳಿಯುತ್ತಾರೆ. ಎರಡೂ ಬದಿ ಬಿರುಕು ಬಿಟ್ಟರೆ ಮಣಿಯೇ ಮುಂದಕ್ಕೆ ಜಾರಬಹುದು. ಅದು ಸ್ಪಾಂಡಿಲೋಲಿಸ್ಥೆಸಿಸ್.

ಇದನ್ನೋದಿ ಮಗುವನ್ನು ಆಟದಿಂದ ಬಿಡಿಸಬೇಡಿ, ದಯವಿಟ್ಟು. ಮಕ್ಕಳ ಸೊಂಟ ನೋವಿನಲ್ಲಿ ಬಹುಪಾಲು ಇಂಥ ಬಿರುಕಿನದಲ್ಲ, ತಾನಾಗಿ ಇಳಿಯುವಂಥದ್ದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ತೊಂದರೆ ಕೊಡುವುದು ಬಿಡುವಿಲ್ಲದೆ ಒಂದೇ ಚಲನೆಯನ್ನು ಮಾಡಿಸುವುದು. ಶಾಲೆಯ ತಂಡ, ಕ್ಲಬ್, ಕೋಚಿಂಗ್ ಕ್ಯಾಂಪ್ ಮೂರಕ್ಕೂ ಒಬ್ಬನೇ ಹುಡುಗ ಬೌಲ್ ಮಾಡುತ್ತಾನೆ. ಒಬ್ಬೊಬ್ಬ ಕೋಚ್‌ಗೂ ತನ್ನ ಓವರುಗಳಷ್ಟೇ ಗೊತ್ತು. ವಾರದ ಒಟ್ಟು ಎಸೆತಗಳನ್ನು ಮನೆಯವರೇ ಬರೆದಿಡುವುದು ಒಳ್ಳೆಯದು.

ಆಡುವ ಮಗುವಿನ ನೋವು ಎರಡು-ಮೂರು ವಾರವಾದರೂ ಬಿಡದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಜ್ವರ, ರಾತ್ರಿ ನಿದ್ದೆಗೆಡಿಸುವ ನೋವು, ಕಾಲಿನ ಬಲಹೀನತೆ, ಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದೇ ಕಂಡರೂ ಅಷ್ಟು ದಿನ ಕಾಯುವಂತಿಲ್ಲ.