ಶ್ವಾಸಕೋಶದ ಕ್ಯಾನ್ಸರ್: ಗ್ರಾಹಿಯ ಪ್ರಮಾಣದಿಂದ ಗ್ರಾಹಿಯ ದೋಷದವರೆಗೆ

ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಬೀಡಿ ಸೇದಿದವರಷ್ಟೇ ಅಲ್ಲ, ಹೊಗೆಸೊಪ್ಪು ಮುಟ್ಟದ ಹೆಂಗಸರೂ ಇರುತ್ತಾರೆ. ಇಂಥವರಿಗೆ ವೈದ್ಯರು ಬರೆದುಕೊಡುವ ‘ಇಜಿಎಫ್‌ಆರ್’ ಪರೀಕ್ಷೆಯ ಹಿಂದೆ ಸುಮಾರು ಮೂರು ದಶಕಗಳ ಹುಡುಕಾಟವಿದೆ.

ಇಜಿಎಫ್‌ಆರ್ ಎಂಬುದು ಜೀವಕೋಶದ ಹೊರಪೊರೆಯ ಮೇಲಿರುವ ಒಂದು ಗ್ರಾಹಿ, ಅಂದರೆ ಹೊರಗಿನ ಸಂಕೇತವನ್ನು ಹಿಡಿದು ಒಳಗೆ ದಾಟಿಸುವ ಪ್ರೋಟೀನ್. ಕೋಶಗಳನ್ನು ಬೆಳೆಯಲು ಪ್ರೇರೇಪಿಸುವ ‘ಬೆಳವಣಿಗೆಯ ಅಂಶ’ ಎಂಬ ಪ್ರೋಟೀನ್ ಬಂದು ಅಂಟಿಕೊಂಡಾಗ ಎರಡು ಗ್ರಾಹಿಗಳು ಜೋಡಿಯಾಗಿ, ಕೋಶಕ್ಕೆ ವಿಭಜನೆಯ ಸಂಕೇತ ಕೊಡುತ್ತವೆ. ಆ ಅಂಶವನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ 1986ರಲ್ಲಿ ನೊಬೆಲ್ ಹಂಚಿಕೊಂಡರು. ಈ ಗ್ರಾಹಿಗೂ ಕೋಳಿಗಳಲ್ಲಿ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಜೀನಿಗೂ ಇರುವ ಹೋಲಿಕೆ 1984ರಲ್ಲೇ ಬೆಳಕಿಗೆ ಬಂದಿತ್ತು.

ಮುಂದೆ ಎಲ್ಲರ ಗಮನ ಹರಿದದ್ದು ಜೀನಿನ ಅಭಿವ್ಯಕ್ತಿಯ ಕಡೆಗೆ, ಅಂದರೆ ಗ್ರಾಹಿ ಎಷ್ಟು ತಯಾರಾಗುತ್ತಿದೆ ಎಂಬುದರ ಕಡೆಗೆ. ಬಣ್ಣ ಹಾಕಿದ ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕೋಶಗಳ ಅಂಚು ಗಾಢ ಕಂದು ಬಣ್ಣಕ್ಕೆ ತಿರುಗಿದ್ದರೆ ಗ್ರಾಹಿ ಹೆಚ್ಚಿದೆ ಎಂದರ್ಥ. ಬಹಳಷ್ಟು ಗಡ್ಡೆಗಳಲ್ಲಿ ಅದು ಹೆಚ್ಚೇ ಇತ್ತು. ಹಾಗಾಗಿ ಗ್ರಾಹಿಯನ್ನು ತಡೆಯುವ ಜೆಫಿಟಿನಿಬ್ ಮಾತ್ರೆಗೆ 2002ರಲ್ಲಿ ಜಪಾನ್, 2003ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಾಗ ಬಹುತೇಕರಿಗೆ ಗುಣ ಕಾಣಬಹುದೆಂಬ ಆಸೆ ಹುಟ್ಟಿದ್ದು ಸಹಜ. ಆದರೆ ಗಡ್ಡೆ ಕರಗಿದ್ದು ಕೆಲವರಲ್ಲಿ ಮಾತ್ರ, ಅದೂ ಹೆಚ್ಚಾಗಿ ಧೂಮಪಾನ ಮಾಡದವರಲ್ಲಿ, ಹೆಂಗಸರಲ್ಲಿ, ಏಷ್ಯಾದವರಲ್ಲಿ. 2005ರಲ್ಲಿ ಅಮೆರಿಕ ಅದರ ಬಳಕೆಗೆ ಮಿತಿ ಹಾಕಿತು.

ಉತ್ತರ ಅದಾಗಲೇ, 2004ರಲ್ಲಿ, ಬೋಸ್ಟನ್ನಿನ ಎರಡು ತಂಡಗಳಿಗೆ ಸಿಕ್ಕಿತ್ತು. ಗುಣ ಕಂಡವರ ಗಡ್ಡೆಗಳಲ್ಲಿ ಗ್ರಾಹಿಯ ಜೀನೇ ಬದಲಾಗಿತ್ತು: ಜೀನಿನ 19ನೇ ಎಕ್ಸಾನ್‌ನಲ್ಲಿ (ಎಕ್ಸಾನ್ ಎಂದರೆ ಜೀನಿನ ಒಂದು ಖಂಡ) ಒಂದು ತುಣುಕು ಬಿಟ್ಟುಹೋಗಿರುವುದು, ಇಲ್ಲವೇ 21ನೇ ಎಕ್ಸಾನ್‌ನಲ್ಲಿ ಡಿಎನ್‌ಎಯ ಒಂದೇ ಅಕ್ಷರ ಬದಲಾಗಿರುವುದು. ಇಂಥ ಗ್ರಾಹಿ ಹೊರಗಿನ ಸಂಕೇತಕ್ಕೆ ಕಾಯದೆ ಸದಾ ಕೆಲಸ ಮಾಡುತ್ತಿರುತ್ತದೆ. 2009ರಲ್ಲಿ ಪೂರ್ವ ಏಷ್ಯಾದ ಒಂದು ದೊಡ್ಡ ಅಧ್ಯಯನ ಇದನ್ನು ಇತ್ಯರ್ಥಗೊಳಿಸಿತು: ಮಾರ್ಪಾಡು ಇದ್ದವರಿಗೆ ಮಾತ್ರೆ ಮೇಲು, ಇಲ್ಲದವರಿಗೆ ಕೀಮೋಥೆರಪಿಯೇ ಮೇಲು. ಮಾತ್ರೆ ಯಾರಿಗೆ ಎಂಬುದನ್ನು ಕಂದು ಬಣ್ಣದ ಗಾಢತೆ ನೋಡಿ ನಿರ್ಧರಿಸುವಂತಿಲ್ಲ ಎಂಬುದು ಇದರಿಂದ ಖಚಿತವಾಯಿತು.

ಭಾರತದಲ್ಲಿ ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶ ಕ್ಯಾನ್ಸರ್ ಇರುವ ರೋಗಿಗಳ ಪೈಕಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಮಾರ್ಪಾಡು ಇರುತ್ತದೆ. ಆದರೆ ನಮ್ಮಲ್ಲಿ ಬಿಡದ ಕೆಮ್ಮೆಂದರೆ ಮೊದಲು ಕ್ಷಯದ ಶಂಕೆ. ಎಕ್ಸ್‌ರೇ ನೋಡಿಯೇ ಕ್ಷಯದ ಮಾತ್ರೆ ಶುರುವಾಗಿ ತಿಂಗಳುಗಳು ಕಳೆದುಹೋಗುವುದುಂಟು. ಬಯಾಪ್ಸಿ ಆದಮೇಲೂ ಸಂಕಟ ತಪ್ಪದು: ತುಣುಕು ಚಿಕ್ಕದು, ಅದನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮೊದಲ ಆಸ್ಪತ್ರೆಯಲ್ಲೇ ಉಳಿದರೆ ಮತ್ತೊಮ್ಮೆ ಸೂಜಿ ಚುಚ್ಚಬೇಕಾಗುತ್ತದೆ. ಊರು ಬಿಡುವ ಮೊದಲು ಸ್ಲೈಡುಗಳ ಜೊತೆ ಆ ಬ್ಲಾಕನ್ನೂ ಕೇಳಿ ಪಡೆಯುವುದು ರೋಗಿಯ ಮನೆಯವರಿಗೆ ಗೊತ್ತಿರಲೇಬೇಕು.

ಜೆಫಿಟಿನಿಬ್ ಮಾತ್ರೆಯ ಪರಿಣಾಮ ಬಹುತೇಕ ಒಂದು ವರ್ಷದ ಆಸುಪಾಸಿನಲ್ಲಿ ಕುಂದುತ್ತದೆ; ಅರ್ಧದಷ್ಟು ಜನರಲ್ಲಿ ಅದಕ್ಕೆ ಟಿ790ಎಂ ಎಂಬ ಇನ್ನೊಂದು ಮಾರ್ಪಾಡು ಕಾರಣ. ಅದನ್ನೂ ತಡೆಯುವ ಓಸಿಮರ್ಟಿನಿಬ್ 2015ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. 2024ರ ಕೇಂದ್ರ ಬಜೆಟ್ ಅದರ ಆಮದು ಸುಂಕವನ್ನು ತೆಗೆದುಹಾಕಿತಾದರೂ ಕೂಲಿನಾಲಿ ಮಾಡುವ ಕುಟುಂಬಕ್ಕೆ ಆ ಔಷಧಿ ಇಂದಿಗೂ ದುಬಾರಿಯೇ.