ಗೂಗಲ್‌ಗೆ ದುಡ್ಡು ಕಟ್ಟಿದರೆ ನಮ್ಮ ಅಂಗಡಿ ಮೇಲೆ ಬರುತ್ತದೆಯೇ?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿ. ಗೂಗಲ್‌ನಲ್ಲಿ ಹುಡುಕಿದರೆ ಎದುರು ಸಾಲಿನವರದು ಮೇಲೆ ಬರುತ್ತೆ, ನಮ್ಮದು ಕಾಣಿಸೋದೇ ಇಲ್ಲ. ಅವರು ತಿಂಗಳಾ ತಿಂಗಳಾ ಗೂಗಲ್‌ಗೆ ದುಡ್ಡು ಕಟ್ತಾರಂತೆ. ನಾವು ಎಷ್ಟು ಕಟ್ಟಬೇಕು?

ಉತ್ತರ: ಸೊನ್ನೆ ರೂಪಾಯಿ.

ಈ ಪ್ರಶ್ನೆ ಊರು ಬದಲಿಸಿಕೊಂಡು, ವ್ಯಾಪಾರ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ ಬೇಕರಿ, ಒಮ್ಮೆ ಹೋಂಸ್ಟೇ, ಈಗ ಪೇಂಟ್ ಅಂಗಡಿ. ಉತ್ತರ ಮಾತ್ರ ಅದೇ. ಜಾಹೀರಾತಿಗೆ ದುಡ್ಡು ಕೊಡಬಹುದು. ಕೊಟ್ಟರೆ ಜಾಹೀರಾತು ಕಾಣಿಸುತ್ತದೆ, 'ಪ್ರಾಯೋಜಿತ' ಅನ್ನುವ ಚೀಟಿ ಹಚ್ಚಿಕೊಂಡು. ಮ್ಯಾಪ್ ಪಟ್ಟಿಯ ನೆತ್ತಿಯ ಮೇಲೂ ಅಂಥದ್ದೊಂದು ಕೂತಿರಬಹುದು. ಅದರ ಕೆಳಗಿನ ಮಾಮೂಲಿ ಸಾಲಿನಲ್ಲಿ ಒಂದೇ ಒಂದು ಮೆಟ್ಟಿಲು ಮೇಲೇರಬೇಕೆಂದರೂ ಹಣ ಕಟ್ಟಿಸಿಕೊಳ್ಳುವ ಕೌಂಟರ್ ಗೂಗಲ್‌ನಲ್ಲಿಲ್ಲ. ಸ್ಥಳೀಯ ಹುಡುಕಾಟದಲ್ಲಿ ದುಡ್ಡು ಕೊಟ್ಟು ಮೇಲೆ ಬರಲು ದಾರಿಯಿಲ್ಲ ಎಂದು ಅವರ ಸಹಾಯ ಪುಟದಲ್ಲೇ ಬರೆದಿದೆ. ಆದರೂ ಯಾರೂ ನಂಬುವುದಿಲ್ಲ.

ನಂಬದಿರುವುದಕ್ಕೆ ಒಂದು ಹಳೆಯ ಕಾರಣವೂ ಇದೆ. 1998ರಲ್ಲಿ ಅಮೆರಿಕದಲ್ಲಿ ಗೋಟು ಎಂಬ ಸರ್ಚ್ ಕಂಪನಿ ಶುರುವಾಯಿತು. ಆಮೇಲೆ ಅದೇ ಓವರ್‌ಚರ್ ಆಯಿತು, 2003ರಲ್ಲಿ ಯಾಹೂ ಕೊಂಡುಕೊಂಡಿತು. ಅಲ್ಲಿ ಒಂದು ಕ್ಲಿಕ್ಕಿಗೆ ಯಾರು ಹೆಚ್ಚು ಕೂಗಿದರೋ ಅವರೇ ಮೊದಲು. ಅದು ಮುಚ್ಚುಮರೆಯಿಲ್ಲದ ಹರಾಜು. 2002ರಲ್ಲಿ ಅಲ್ಲಿನ ವ್ಯಾಪಾರ ನಿಗಾ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಸರ್ಚ್ ಕಂಪನಿಗಳಿಗೆಲ್ಲ ಪತ್ರ ಬರೆದು, ಹಣ ಪಡೆದು ಹಾಕಿದ ಫಲಿತಾಂಶವನ್ನು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿ ಎಂದಿತು. ಅಂದರೆ ಈ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹುಟ್ಟಿದ್ದು ಬೇರೆ ಮನೆಯಲ್ಲಿ, ಅಷ್ಟೇ. 2000ದ ಅಕ್ಟೋಬರ್‌ನಲ್ಲಿ 350 ಜಾಹೀರಾತುದಾರರೊಂದಿಗೆ ಆಡ್‌ವರ್ಡ್ಸ್ ಎಂಬ ತನ್ನ ಜಾಹೀರಾತು ಸೇವೆ ಶುರು ಮಾಡಿದಾಗ ಗೂಗಲ್ ಜಾಹೀರಾತಿಗೆ ಬೇರೆಯೇ ಜಾಗ ಕೊಟ್ಟಿತು. ಆ ಜಾಹೀರಾತಿನ ಸಾಲಿನಲ್ಲೂ ಇವತ್ತು ಹೆಚ್ಚು ಕೂಗಿದವರೇ ಮೊದಲು ಎಂದೇನಿಲ್ಲ. ಜಾಹೀರಾತು ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ತಕ್ಷಣ ಬರುವ ಮಾತು: 'ಜಾಹೀರಾತು ನಿಲ್ಲಿಸಿದ ಮಾರನೇ ದಿನವೇ ನಾವು ಕೆಳಗೆ ಹೋದೆವಲ್ಲ?' ಸ್ವಾಮಿ, ಮೇಲಿದ್ದದ್ದೇ ಜಾಹೀರಾತು. ಅದು ಹೋಯಿತು. ಮಾಮೂಲಿ ಸಾಲಿನಲ್ಲಿ ನೀವು ಎಲ್ಲಿದ್ದಿರೋ ಅಲ್ಲೇ ಇದ್ದೀರಿ.

ದೊಡ್ಡವರ ಕಥೆ ನೋಡಿ. ಜೆ. ಸಿ. ಪೆನ್ನಿ ಅಮೆರಿಕದ ಭಾರೀ ಚಿಲ್ಲರೆ ಮಾರಾಟ ಕಂಪನಿ, ಗೂಗಲ್‌ಗೆ ಜಾಹೀರಾತನ್ನೂ ಕೊಡುತ್ತಿತ್ತು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವಿಷಯ ಹೊರಗೆಳೆಯಿತು: ಆ ಕಂಪನಿಯ ಪುಟಗಳನ್ನು ಮೇಲೇರಿಸಲು ಎಲ್ಲೆಲ್ಲಿಯದೋ ಸಂಬಂಧವಿಲ್ಲದ ಸೈಟುಗಳಲ್ಲಿ ಕಾಸು ಕೊಟ್ಟು ಸಾವಿರಾರು ಲಿಂಕ್ ಹಾಕಿಸಲಾಗಿತ್ತು. ಗೂಗಲ್ ಕೈಯಾರೆ ಕೆಳಗಿಳಿಸಿತು. ಸ್ಯಾಮ್ಸನೈಟ್ ಸೂಟ್‌ಕೇಸಿನ ಹುಡುಕಾಟದಲ್ಲಿ ಸಂಜೆ 7ಕ್ಕೆ 1ನೇ ಸ್ಥಾನದಲ್ಲಿದ್ದ ಕಂಪನಿ ಎರಡು ಗಂಟೆಯಲ್ಲಿ 71ಕ್ಕೆ ಹೋಯಿತು. ಜಾಹೀರಾತಿನ ಬಿಲ್ಲು ಕಾಪಾಡಲಿಲ್ಲ.

ಇನ್ನೂ ಸಾಲದಿದ್ದರೆ, 2012ರ ಜನವರಿ. ಗೂಗಲ್‌ನದೇ ಕ್ರೋಮ್ ಬ್ರೌಸರಿನ ಪ್ರಚಾರದಲ್ಲಿ ಕಾಸು ಕೊಟ್ಟು ಬರೆಸಿದ ಬ್ಲಾಗ್ ಬರಹವೊಂದರಲ್ಲಿ ನಿಯಮ ಮೀರಿದ ಲಿಂಕ್ ಸಿಕ್ಕಿತು. ಕಂಪನಿ ತನ್ನದೇ ಕ್ರೋಮ್ ಪುಟವನ್ನು ಕನಿಷ್ಠ 60 ದಿನ ಕೆಳಗೆ ತಳ್ಳಿತು. ತನ್ನ ಪುಟಕ್ಕೇ ಇಲ್ಲದ ರಿಯಾಯಿತಿ, ತಿಂಗಳಿಗೆ ಐದು ಸಾವಿರ ಕಟ್ಟುವ ಅಂಗಡಿಗೆ ಹೇಗೆ ಸಿಕ್ಕೀತು?

ಹಾಗೆಂದು ಗೂಗಲ್ ಸತ್ಯಹರಿಶ್ಚಂದ್ರನ ವಂಶವೇನಲ್ಲ. ತನ್ನದೇ ಸೇವೆಗಳನ್ನು ಮುಂದೆ ಮಾಡಿದ್ದಕ್ಕೆ ಐರೋಪ್ಯ ಒಕ್ಕೂಟ 2017ರಲ್ಲಿ 242 ಕೋಟಿ ಯೂರೊ ದಂಡ ಹಾಕಿತು. ನಮ್ಮ ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ಅಲ್ಲಿನ ದೂರು ಗೂಗಲ್ ತನ್ನ ಮಕ್ಕಳಿಗೆ ಮುಂದಿನ ಕುರ್ಚಿ ಹಾಕಿಕೊಟ್ಟಿತು ಎಂದು, ಕುರ್ಚಿ ಮಾರಿತು ಎಂದಲ್ಲ. ತಮಾಷೆಯೆಂದರೆ, ಹುಡುಕಾಟದಲ್ಲಿ ಜಾಗಕ್ಕಾಗಿ ದುಡ್ಡು ಸುರಿದದ್ದು ಗೂಗಲ್ಲೇ. ಫೋನು, ಬ್ರೌಸರುಗಳಲ್ಲಿ ತಾನೇ ಮೊದಲ ಸರ್ಚ್ ಆಗಿರಲು 2021ರಲ್ಲಿ ಅದು 2,630 ಕೋಟಿ ಡಾಲರ್ ಕೊಟ್ಟಿತ್ತು ಎಂಬುದು ಅಮೆರಿಕದ ಮೊಕದ್ದಮೆಯಲ್ಲಿ ಹೊರಬಿತ್ತು.

ಈಗ ನಿಮ್ಮ ಅಂಗಡಿಗೆ ಬರೋಣ. ಎದುರು ಸಾಲಿನವರು ಮೇಲಿರುವುದಕ್ಕೆ ಗೂಗಲ್ ಹೇಳುವ ಕಾರಣ ಮೂರು: ಹುಡುಕಿದ ಮಾತಿಗೆ ಹೊಂದಾಣಿಕೆ, ಹುಡುಕುವವನಿಂದ ದೂರ, ಅಂಗಡಿಯ ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದೆರಡರಲ್ಲಿ ಕೆಲಸವಿದೆ, ಆದರೆ ಅದಕ್ಕೂ ಮುಂಚೆ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ವಿವರದ ಪುಟ, ನಿಮ್ಮದೇ ಹೆಸರಿನಲ್ಲಿದೆಯೇ ನೋಡಿ. ಎಡವಟ್ಟು ಆಗುವುದೇ ಇಲ್ಲಿ. ಯಾರೋ 'ಡಿಜಿಟಲ್ ಮಾರ್ಕೆಟಿಂಗ್'ನವರು ತಮ್ಮ ಜಿಮೇಲ್‌ನಲ್ಲಿ ಮಾಡಿಕೊಟ್ಟಿರುತ್ತಾರೆ, ಆಮೇಲೆ ಫೋನ್ ಎತ್ತುವುದಿಲ್ಲ. ಆಗ ಮ್ಯಾಪ್‌ನಲ್ಲಿ ಅಂಗಡಿ ತೆರೆದು ಕ್ಲೇಮ್ ಒತ್ತಿ, ಆಕ್ಸೆಸ್ ಕೇಳಿ. ಪ್ರೊಫೈಲಿನ ಈಗಿರುವ ಮಾಲೀಕನಿಗೆ 3 ದಿನ ಗಡುವು. ಅವನು ಉತ್ತರಿಸದಿದ್ದರೆ ನೀವೇ ಪಡೆಯುವ ದಾರಿ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಮುಂದೆ ಯಾರಿಗೆ ಕೆಲಸ ವಹಿಸಿದರೂ 'ಮ್ಯಾನೇಜರ್' ಮಾಡಿ, 'ಓನರ್' ಮಾಡಬೇಡಿ. ಅಂಗಡಿ ನಿಮ್ಮದೇ ಎಂದು ಖಚಿತಪಡಿಸುವ ವೆರಿಫಿಕೇಶನ್ ಕೋಡ್ ಬಂದರೆ ಯಾರಿಗೂ ಓದಿ ಹೇಳಬೇಡಿ, ಅತ್ತ ಕಡೆಯವರು 'ಗೂಗಲ್ ಆಫೀಸಿನಿಂದ' ಎಂದರಂತೂ ಹೇಳಲೇಬೇಡಿ.

ಈಗ ಬಹುತೇಕ ವಿಡಿಯೊ ಮೂಲಕವೇ ವೆರಿಫೈ ಮಾಡಿಸುತ್ತಾರೆ. ಕತ್ತರಿಸದ, ಎಡಿಟ್ ಮಾಡದ ಒಂದೇ ವಿಡಿಯೊ, ಅರ್ಧ ನಿಮಿಷಕ್ಕಿಂತ ಕಡಿಮೆ ಬೇಡ. ರಸ್ತೆಯಿಂದ ಶುರು ಮಾಡಿ, ಬೀದಿ ಹೆಸರಿನ ಫಲಕವೋ ಪಕ್ಕದ ಅಂಗಡಿಯೋ ಕಾಣಲಿ. ನಿಮ್ಮ ಬೋರ್ಡಿನ ಮುಂದೆ ಒಂದು ಕ್ಷಣ ನಿಲ್ಲಿ. ಶಟರ್ ಬೀಗ ನೀವೇ ತೆಗೆಯಿರಿ, ಒಳಗೆ ಹೋಗಿ ಗಲ್ಲಾಪೆಟ್ಟಿಗೆಯನ್ನೋ ಗೋದಾಮನ್ನೋ ತೋರಿಸಿ. ನೀವೇ ನಡೆಸುವವರು ಎನ್ನುವುದಕ್ಕೆ ಬೀಗದ ಕೈಯೇ ಸಾಕ್ಷಿ. ವಿಡಿಯೊ ತಿರಸ್ಕಾರವಾದರೆ ಮೊದಲು ಬೋರ್ಡ್ ನೋಡಿ. ಬೋರ್ಡಿನಲ್ಲಿ ಒಂದು ಹೆಸರು, ಪ್ರೊಫೈಲಿನಲ್ಲಿ ಇನ್ನೊಂದು ಇದ್ದರೆ ಪಾಸಾಗುವುದು ಕಷ್ಟ. ಹೆಸರಿಗೆ 'ದಾವಣಗೆರೆಯ ಬೆಸ್ಟ್ ಪೇಂಟ್ ಶಾಪ್' ಎಂದು ಬಾಲ ಸೇರಿಸಬೇಡಿ, ಪ್ರೊಫೈಲ್ ಸಸ್ಪೆಂಡ್ ಆಗಬಹುದು. ಅದನ್ನು ಹೇಳಲು ಕ್ಯಾಟಗರಿ ಇದೆ: ಮುಖ್ಯವಾದದ್ದು ಒಂದು, ಜೊತೆಗೆ ಇನ್ನು 9ರವರೆಗೆ. 'ಪೇಂಟ್ ಅಂಗಡಿ' ಮುಖ್ಯವಾಗಿರಲಿ, ಹಾರ್ಡ್‌ವೇರ್ ಎರಡನೆಯದಾಗಲಿ. ರಿವ್ಯೂಗಾಗಿ ಉಡುಗೊರೆ ಕೊಡುವಂತಿಲ್ಲ, ಕೇಳಿಕೊಳ್ಳಲು ಅಡ್ಡಿಯಿಲ್ಲ. ಭಾನುವಾರ ರಜೆಯಾದರೆ ಹಾಗೆಂದೇ ಹಾಕಿ.

ವೆಬ್‌ಸೈಟೂ ಇದ್ದು, ಅದು ಎಲ್ಲೂ ಕಾಣದಿದ್ದರೆ ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನ ತೆರೆಯಿರಿ, ಅದೂ ಉಚಿತ. ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಪುಟದ ವಿಳಾಸ ಹಾಕಿದರೆ ಗೂಗಲ್ ಅದನ್ನು ಸೇರಿಸಿಕೊಂಡಿದೆಯೇ, ಇಲ್ಲದಿದ್ದರೆ ಯಾಕೆ ಎಂದು ತೋರಿಸುತ್ತದೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ಸರ್ಚ್ ಎಂಜಿನ್‌ಗಳನ್ನು ತಡೆಯುವ ಒಂದು ಟಿಕ್ ಬಾಕ್ಸ್ ಇದೆ. ಸೈಟ್ ಕಟ್ಟುವಾಗ ಹಾಕಿದ ಟಿಕ್ ತೆಗೆಯಲು ಮರೆತಿರುತ್ತಾರೆ, ಅಷ್ಟಕ್ಕೇ ಇಡೀ ಸೈಟ್ ಮಾಯ.

ಕನ್ನಡದ ಸೈಟುಗಳಿಗೆ ಇನ್ನೊಂದು ಕಾಯಿಲೆ ಇದೆ. ಡಿಟಿಪಿಯವರು ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ದರಪಟ್ಟಿಯನ್ನು ಪಿಡಿಎಫ್ ಮಾಡಿ ಏರಿಸುತ್ತಾರೆ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಕಂಪ್ಯೂಟರಿಗೆ ಮಾತ್ರ ಅದು ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. 'ಸುಣ್ಣ ಬಣ್ಣ' ಎಂದು ಯಾರು ಹುಡುಕಿದರೂ ಆ ಪುಟ ಸಿಗದು. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಫೋನಿನ ವಾಟ್ಸ್ಆ್ಯಪ್‌ಗೆ ಅಂಟಿಸಿ. ಅಲ್ಲಿ ಕನ್ನಡ ಬರದಿದ್ದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ಬದಲಿಸಿ, ಪಿಡಿಎಫ್ ಬಿಟ್ಟು ಪುಟದಲ್ಲೇ ಹಾಕಿ.

ಈಚೆಗೆ ಪುಕಾರು ವೇಷ ಬದಲಿಸಿದೆ: 'ಎಐ ಉತ್ತರದಲ್ಲಿ ನಿಮ್ಮ ಹೆಸರು ಬರುವಂತೆ ಮಾಡಿಸಿಕೊಡ್ತೀವಿ, ಗೂಗಲ್ ಜೊತೆ ಟೈಅಪ್ ಇದೆ.' ಹುಡುಕಾಟದ ಮೇಲ್ತುದಿಯಲ್ಲಿ ಎಐ ಬರೆದುಕೊಡುವ ಸಾರಾಂಶ, ಎಐ ಓವರ್‌ವ್ಯೂ, 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂತು, ಪ್ರಶ್ನೋತ್ತರದಂತೆ ಹುಡುಕುವ ಎಐ ಮೋಡ್ 2025ರಲ್ಲಿ ಬಂದು ಅದೇ ವರ್ಷ ಕನ್ನಡವನ್ನೂ ಕಲಿಯಿತು. ಅದರಲ್ಲಿ ಕೊಂಡಿಯಾಗಿ ಬರಲು ಬೇಕಾದದ್ದು ಮಾಮೂಲಿ ಹುಡುಕಾಟಕ್ಕೆ ಬೇಕಾದದ್ದೇ: ಪುಟ ಗೂಗಲ್‌ನ ಇಂಡೆಕ್ಸ್‌ನಲ್ಲಿ, ಅಂದರೆ ಅದು ಸೇರಿಸಿಕೊಂಡ ಪುಟಗಳ ಪಟ್ಟಿಯಲ್ಲಿ, ಇರಬೇಕು, ಅದರ ಸಾಲುಗಳನ್ನು ತೋರಿಸಲು ನೀವು ತಡೆ ಹಾಕಿರಬಾರದು. ವಿಶೇಷ ಫೈಲೂ ಬೇಡ, ಶುಲ್ಕವೂ ಇಲ್ಲ. ಜಾಹೀರಾತು ಅಲ್ಲಿಗೂ ಬಂದಿದೆ; ಅದರ ಚೀಟಿಯೂ ಬಂದಿದೆ.

ದುಡ್ಡು ಕಟ್ಟುವ ಮಾತು ಬಂದಿರುವುದರಿಂದ, ನೀವು ಕೇಳದಿದ್ದರೂ ಇನ್ನೊಂದು. ಅಂಗಡಿಯನ್ನು ಮೇಲೇರಿಸುತ್ತೇವೆ ಎನ್ನುವವರಂತೆಯೇ ಮಕ್ಕಳಿಗೆ 'ಗೂಗಲ್‌ನಲ್ಲಿ ಕೆಲಸ' ಕೊಡಿಸುತ್ತೇವೆ ಎನ್ನುವವರೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಮಹದೇವಪುರದಲ್ಲಿ ಗೂಗಲ್‌ನ 'ಅನಂತ' ಕ್ಯಾಂಪಸ್ ತೆರೆಯಿತು. 16 ಲಕ್ಷ ಚದರಡಿ, 5,000ಕ್ಕೂ ಹೆಚ್ಚು ಮಂದಿಗೆ ಜಾಗ. ಜಾಗ ಅಂದರೆ ಕುರ್ಚಿ, ಅಷ್ಟೂ ಹೊಸ ನೇಮಕ ಅಂತಲ್ಲ. ಇರುವ ನೌಕರರೂ ಅಲ್ಲೇ ಕೂರುತ್ತಾರೆ. ಅರ್ಜಿ ಹಾಕುವುದು ಕಂಪನಿಯ ಕೆರಿಯರ್ಸ್ ಪುಟದಲ್ಲಿ, ಪುಕ್ಕಟೆ. ಸಂದರ್ಶನ ಹಲವು ಸುತ್ತು. ಎಐ ಇಟ್ಟುಕೊಂಡು ಉತ್ತರಿಸುವವರು ಹೆಚ್ಚಾದದ್ದರಿಂದ ಒಂದು ಸುತ್ತಾದರೂ ಮುಖಾಮುಖಿ ಇರಲಿ ಎಂಬ ಕಡೆಗೆ ಕಂಪನಿ ಹೊರಳಿದೆ ಎಂದು ಸುಂದರ್ ಪಿಚೈ 2025ರಲ್ಲಿ ಹೇಳಿದರು. ಹಾಗಿರುವಾಗ ವಾಟ್ಸ್ಆ್ಯಪ್‌ನಲ್ಲಿ ಹತ್ತು ಪ್ರಶ್ನೆ ಕೇಳಿ, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಯುಪಿಐನಲ್ಲಿ ದುಡ್ಡು ಹಾಕಿಸಿಕೊಂಡವರು ಯಾರಿರಬಹುದು, ಯೋಚಿಸಿ. ಆಫರ್ ಲೆಟರ್ ಬಂದ ಮೇಲ್ ವಿಳಾಸದಲ್ಲಿ ಅಟ್ ಗುರುತಿನ ನಂತರ ಬರೀ ಗೂಗಲ್ ಡಾಟ್ ಕಾಮ್ ಇರಬೇಕು. ಗೂಗಲ್ ಕೆರಿಯರ್ಸ್ ಇಂಡಿಯಾ, ಗೂಗಲ್ ಎಚ್‌ಆರ್ ಎಂದೆಲ್ಲ ಉದ್ದ ಬಂದರೆ ಅಲ್ಲಿಗೇ ಬಿಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ ನಾಳೆ ಬ್ಯಾಂಕಿಗೆ ಹೋದರಾಯಿತು ಅಂತ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ, ಅದನ್ನೇ ಕೇಳುತ್ತಾರೆ.