ಹೊಲಿಗೆ ಯಂತ್ರವೂ ಒಂದು ಸುದ್ದಿ: ಹಿರೋಶಿಮಾ ವರದಿಗಳ ಮೇಲೆ ಟಿಪ್ಪಣಿ

ಅಮೆರಿಕದ ಪತ್ರಕರ್ತ ಜಾನ್ ಹರ್ಸಿ ಜಪಾನ್‌ಗೆ ಹೋದದ್ದು 1946ರ ಮೇ ತಿಂಗಳಲ್ಲಿ. ಹಿರೋಶಿಮಾದ ಮೇಲೆ ಬಾಂಬ್ ಬಿದ್ದು ಆಗಲೇ ಒಂಬತ್ತು ತಿಂಗಳಾಗಿತ್ತು. ಪೇಪರ್‌ನವರ ಲೆಕ್ಕದಲ್ಲಿ ಅದು ಹಳಸಿದ ಸುದ್ದಿ. ಆದರೂ ಯುದ್ಧದಲ್ಲಿ ಜನಸಾಮಾನ್ಯರಿಗೆ ಏನಾಗುತ್ತದೆ ಎಂದು ಬರೆಯಲು ಕಲಿಯುವವರು ಇವತ್ತಿಗೂ ಅವರ ವರದಿಯನ್ನೇ ಓದುತ್ತಾರೆ. ತಡವಾಗಿ ಹೋದವರ ಬರಹ ಯಾಕೆ ಉಳಿಯಿತು? ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಪಾಠ ಸುಲಭವಾಗಿ ತಲೆಗೆ ಹೋಗುತ್ತದೆ.

ಮೊದಲು ಹೋದವರನ್ನು ನೋಡೋಣ. 1945ರ ಸೆಪ್ಟೆಂಬರ್ 2ರಂದು ಅಮೆರಿಕದ ಯುದ್ಧಹಡಗೊಂದರ ಮೇಲೆ ಜಪಾನ್ ಶರಣಾಗತಿಗೆ ಸಹಿ ಹಾಕಿತು. ವರದಿಗಾರರ ದಂಡೇ ಆ ಹಡಗಿನ ಮೇಲಿತ್ತು. ಲಂಡನ್ನಿನ ಡೈಲಿ ಎಕ್ಸ್‌ಪ್ರೆಸ್‌ಗೆ ಬರೆಯುತ್ತಿದ್ದ ಆಸ್ಟ್ರೇಲಿಯಾದ ವಿಲ್ಫ್ರೆಡ್ ಬರ್ಚೆಟ್ ಮಾತ್ರ ಅತ್ತ ತಲೆ ಹಾಕದೆ ಹಿರೋಶಿಮಾ ರೈಲು ಹತ್ತಿದರು. ಅಲ್ಲಿ ಅವಶೇಷಗಳ ನಡುವೆ ಕೂತು ಟೈಪ್ ಮಾಡಿದರು. ಮೈಮೇಲೆ ಗಾಯವೇ ಇಲ್ಲದವರೂ ಕೂದಲು ಉದುರಿ, ರಕ್ತ ಸೋರಿ ಸಾಯುತ್ತಿದ್ದಾರೆ ಎಂದು ಬರೆದರು. ಅದು ಬಾಂಬಿನ ವಿಕಿರಣದಿಂದ ಬಂದ ಕಾಯಿಲೆ; ಅದಕ್ಕೆ ಏನು ಹೆಸರು ಹೇಳಬೇಕೆಂದು ಗೊತ್ತಾಗದೆ 'ಪ್ಲೇಗ್' ಎಂದರು. ವರದಿ ಸೆಪ್ಟೆಂಬರ್ 5ರಂದು ಅಚ್ಚಾಯಿತು. ಅಮೆರಿಕದ ಸೇನೆ ಅದೆಲ್ಲ ಜಪಾನಿನ ಪ್ರಚಾರ ಎಂದು ತಳ್ಳಿಹಾಕಿತು.

ನಾಗಸಾಕಿಗೆ ಹೋದ ಅಮೆರಿಕದ ವರದಿಗಾರ ಜಾರ್ಜ್ ವೆಲ್ಲರ್ ಅವರದು ಇನ್ನೂ ಬೇಸರದ ಕಥೆ. ಅವರು ನಿಯಮದಂತೆ ತಮ್ಮ ವರದಿಗಳನ್ನು ಸೆನ್ಸಾರ್‌ಗೆ ಕಳಿಸಿದರು. ಅವು ಅಲ್ಲಿಂದ ಹೊರಗೆ ಬರಲೇ ಇಲ್ಲ. ಅವರು ತೀರಿಕೊಂಡ ಮೇಲೆ ಮಗನಿಗೆ ಕಾರ್ಬನ್ ಪ್ರತಿಗಳು ಸಿಕ್ಕವು. ಅಚ್ಚಾದದ್ದು 2005ರಲ್ಲಿ, ಅಂದರೆ ಅರವತ್ತು ವರ್ಷದ ನಂತರ!

ಇವರಿಬ್ಬರ ಪಕ್ಕದಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಿಲಿಯಂ ಲಾರೆನ್ಸ್ ಅವರನ್ನು ಇಟ್ಟು ನೋಡಿ. ಬಾಂಬ್ ತಯಾರಿಸಿದ ಯೋಜನೆಗೇ ಬರೆದುಕೊಡುವ ಕೆಲಸ ಅವರದಾಗಿತ್ತು. ನಾಗಸಾಕಿ ದಾಳಿಯನ್ನು ಜೊತೆಯಲ್ಲಿ ಹಾರಿದ ವಿಮಾನದಿಂದ ನೋಡಿ ಬರೆದರು. ಬಾಂಬ್ ನೋಡಲು ಸುಂದರವಾಗಿದೆ ಎಂಬ ಮಾತೂ ಆ ಬರಹದಲ್ಲಿದೆ. ಅವರಿಗೆ ಅಮೆರಿಕದ ಪತ್ರಕರ್ತರಿಗೆ ಕೊಡುವ ದೊಡ್ಡ ಪ್ರಶಸ್ತಿ, 1946ರ ಪುಲಿಟ್ಜರ್ ಬಂತು. ಅವರು ಸುಳ್ಳುಗಾರರೋ ಅಲ್ಲವೋ ಎಂಬ ಚರ್ಚೆ ಬೇರೆ. ನಾನು ಟಿಪ್ಪಣಿಯಲ್ಲಿ ಅಡಿಗೆರೆ ಹಾಕಿಕೊಂಡದ್ದು ಇಷ್ಟಕ್ಕೆ: ವಿಮಾನದ ಕಿಟಕಿಯಿಂದ ಹೊಗೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಬರೆಯುವವರು ಎಲ್ಲಿ ನಿಂತಿದ್ದರು ಎಂದು ಕೇಳದೆ ಯಾವ ಯುದ್ಧ ವರದಿಯನ್ನೂ ಓದಬೇಡಿ.

ಈಗ ಹರ್ಸಿ. ಅವರು ಹೋಗುವ ಹೊತ್ತಿಗೆ ಕಟ್ಟಡ ಎಷ್ಟು ಉರುಳಿತು, ಬಾಂಬಿನ ಶಕ್ತಿ ಎಷ್ಟು ಎಂಬುದೆಲ್ಲ ಬೇಕಾದಷ್ಟು ಬಂದಾಗಿತ್ತು. ವಿಕಿರಣದ ಸಾವು ಹಿತವಾದ ಸಾವಂತೆ ಎಂದು ಆ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ಸೆನೆಟ್ ಸಮಿತಿಯ ಮುಂದೆ ಹೇಳಿಯೂ ಆಗಿತ್ತು. ಹರ್ಸಿ ಆರು ಜನರನ್ನು ಆರಿಸಿಕೊಂಡರು. ತವರದ ಕಾರ್ಖಾನೆಯ ಗುಮಾಸ್ತೆ, ಇಬ್ಬರು ವೈದ್ಯರು, ಮೂರು ಮಕ್ಕಳ ವಿಧವೆ, ಒಬ್ಬ ಜರ್ಮನ್ ಪಾದ್ರಿ, ಒಬ್ಬ ಜಪಾನಿ ಪಾದ್ರಿ. ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಪ್ರತಿಯೊಬ್ಬರೂ ಏನು ಮಾಡುತ್ತಿದ್ದರು ಎಂಬಲ್ಲಿಂದ ವರದಿ ಶುರು. ಗುಮಾಸ್ತೆ ಪಕ್ಕದ ಮೇಜಿನ ಹುಡುಗಿಯತ್ತ ತಿರುಗುತ್ತಿದ್ದಳು. ಅಷ್ಟರಲ್ಲಿ ಹಿಂದಿನ ಪುಸ್ತಕದ ಕಪಾಟು ಮೇಲೆ ಬಿತ್ತು, ಕಾಲು ಮುರಿಯಿತು. ಅಣುಯುಗ ಹುಟ್ಟಿದ ಗಳಿಗೆಯಲ್ಲಿ ಪುಸ್ತಕದಡಿ ಸಿಕ್ಕ ಒಬ್ಬಳು! ಇದು ಕಟ್ಟಿ ಹೇಳಲಾಗದ ವಿವರ, ಕೇಳಿ ತಿಳಿಯಬೇಕಾದದ್ದು.

ವಿಧವೆಯ ಪ್ರಸಂಗ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಗಂಡ ಯುದ್ಧದಲ್ಲಿ ಸತ್ತಿದ್ದ. ಹೊಲಿಗೆ ಯಂತ್ರವೇ ಅವಳ ಸಂಸಾರದ ಆಧಾರ. ಮಣ್ಣು ಮರದಡಿ ಸಿಕ್ಕಿಕೊಂಡ ಮಕ್ಕಳನ್ನು ಎಳೆದು ತೆಗೆದ ಮೇಲೆ, ಬೆಂಕಿಯಿಂದ ಉಳಿಯಲಿ ಎಂದು ಆ ಯಂತ್ರವನ್ನು ಮನೆ ಮುಂದಿನ ಸಿಮೆಂಟ್ ನೀರಿನ ತೊಟ್ಟಿಗೆ ಹಾಕಿದಳು. ಆಮೇಲೆ ಹೊರತೆಗೆದಾಗ ತುಕ್ಕು ಹಿಡಿದಿತ್ತು. ಇಲ್ಲಿ ಹರ್ಸಿ 'ಅಯ್ಯೋ ಪಾಪ' ಎನ್ನುವುದಿಲ್ಲ. 'ಭೀಕರ', 'ಕರುಳು ಹಿಂಡುವ' ಅಂಥ ಪದಗಳಿಗೆ ಕೈ ಹಾಕುವುದೂ ಇಲ್ಲ. ಏನಾಯಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ನಾವು ಬರೆಯುವಾಗ ಉಲ್ಟಾ ಮಾಡುತ್ತೇವೆ, ಅಲ್ವಾ? ಸಂಕಟಕ್ಕೆ ವಿಶೇಷಣ ಪೇರಿಸುತ್ತೇವೆ, ಓದುಗರು ಅಳುವ ಮೊದಲೇ ನಾವೇ ಅತ್ತುಬಿಡುತ್ತೇವೆ.

ಅಂಕಿ ಅಂಶಗಳನ್ನು ಅವರು ಬಿಟ್ಟಿಲ್ಲ. ಎಲ್ಲಿ ಇಡುತ್ತಾರೆ ಎಂದು ಗಮನಿಸಿ. ರೆಡ್‌ಕ್ರಾಸ್ ಆಸ್ಪತ್ರೆಯ ಯುವ ವೈದ್ಯನಿಗೆ ಗಾಯವಾಗಲಿಲ್ಲ, ಕನ್ನಡಕ ಮಾತ್ರ ಹೋಯಿತು. ಗಾಯಗೊಂಡ ನರ್ಸ್ ಒಬ್ಬಳ ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಇಳಿದ. ಈ ಮನುಷ್ಯನ ಪರಿಚಯ ಆದ ಮೇಲೆಯೇ ಲೆಕ್ಕ ಬರುತ್ತದೆ: 600 ಹಾಸಿಗೆಯ ಆಸ್ಪತ್ರೆಗೆ ಬಂದ ಗಾಯಾಳುಗಳು ಕಡಿಮೆಯೆಂದರೂ 10 ಸಾವಿರ. ಸಂಖ್ಯೆ ಮೊದಲು ಬಂದಿದ್ದರೆ ಸುಮ್ನೆ ಓದಿ ದಾಟಿಬಿಡುತ್ತಿದ್ದೆವು. ಬೇರೆಯವರ ಕನ್ನಡಕದಲ್ಲಿ ಮಂಜಾಗಿ ನೋಡುತ್ತಾ ನಿಂತ ಒಬ್ಬನ ಮುಂದೆ ಅದೇ ಸಂಖ್ಯೆ ಬಂದು ನಿಂತಾಗ ಭಾರ ಗೊತ್ತಾಗುತ್ತದೆ.

ಈ ವರದಿ ಸುಮಾರು 30 ಸಾವಿರ ಪದದ್ದು. ನ್ಯೂಯಾರ್ಕರ್ ಪತ್ರಿಕೆ ಮೊದಲು ಅದನ್ನು ನಾಲ್ಕು ಕಂತಿನಲ್ಲಿ ಹಾಕುವುದೆಂದಿತ್ತು. ಕೊನೆಗೆ 1946ರ ಆಗಸ್ಟ್ 31ರ ಸಂಚಿಕೆಯನ್ನೇ ಪೂರ್ತಿ ಬಿಟ್ಟುಕೊಟ್ಟಿತು. ಮುಖಪುಟದಲ್ಲಿ ಮಾತ್ರ ಬೇಸಿಗೆಯ ಪಾರ್ಕಿನಲ್ಲಿ ಜನ ಆರಾಮಾಗಿರುವ ಚಿತ್ರ! ಪತ್ರಿಕೆ ಬೇಗನೆ ಖಾಲಿಯಾಯಿತು, ರೇಡಿಯೋದಲ್ಲಿ ನಾಲ್ಕು ರಾತ್ರಿ ಓದಿದರು. ಜಪಾನೀ ಅನುವಾದಕ್ಕೆ ಮಾತ್ರ 1949ರವರೆಗೆ ಕಾಯಬೇಕಾಯಿತು. ಅಲ್ಲಿ ಆಡಳಿತ ಅಮೆರಿಕನ್ನರ ಕೈಯಲ್ಲಿತ್ತು, ಸೆನ್ಸಾರ್ ಕೂಡ. ಯಾರ ಕಥೆಯೋ ಅವರಿಗೇ ಓದಲು ಇಲ್ಲ.

ಮೆಚ್ಚಿದ್ದೆಲ್ಲ ಸರಿ, ಕೊರತೆಯನ್ನೂ ಬರೆದುಕೊಳ್ಳಿ. ಆರರಲ್ಲಿ ಇಬ್ಬರು ವೈದ್ಯರು, ಇಬ್ಬರು ಪಾದ್ರಿಗಳು. ಇಡೀ ಊರಿಗೆ ಇವರು ಕನ್ನಡಿಯಾಗುವುದಿಲ್ಲ. ಸಾವಿರಾರು ಕೊರಿಯನ್ನರೂ ಹಿರೋಶಿಮಾದಲ್ಲಿದ್ದರು. ಈ ಆರು ಜನರಲ್ಲಿ ಅವರ ಕಡೆಯವರು ಒಬ್ಬರೂ ಇಲ್ಲ. ಇನ್ನೊಂದು ದೊಡ್ಡ ತೊಡಕು ಈ ವಿಧಾನದಲ್ಲೇ ಇದೆ. ವರದಿಗಾರನಿಗೆ ಸಿಗುವುದು ಬದುಕಿದವರು. 1945ರ ಕೊನೆಯೊಳಗೆ ಸತ್ತವರು ಸುಮಾರು 1,40,000 ಎಂಬ ಅಂದಾಜಿದೆ. ಅವರ ಬೆಳಿಗ್ಗೆ 8.15 ಹೇಗಿತ್ತು ಎಂದು ಯಾರನ್ನು ಕೇಳುವುದು?

ಹರ್ಸಿ ಆ ಆರು ಜನರನ್ನು ಮರೆಯಲಿಲ್ಲ. 1985ರಲ್ಲಿ ಮತ್ತೆ ಹೋಗಿ, ನಲವತ್ತು ವರ್ಷ ಅವರು ಹೇಗೆ ಕಳೆದರು ಎಂದು ಬರೆದರು. ಒಬ್ಬ ವೈದ್ಯರೂ ಜರ್ಮನ್ ಪಾದ್ರಿಯೂ ಅಷ್ಟರಲ್ಲಿ ತೀರಿಕೊಂಡಿದ್ದರು. ಗುಮಾಸ್ತೆ ಕ್ರೈಸ್ತ ಸನ್ಯಾಸಿನಿಯಾಗಿದ್ದಳು. ವಿಧವೆ ತುಕ್ಕು ಹಿಡಿದ ಯಂತ್ರವನ್ನು ರಿಪೇರಿ ಮಾಡಿಸಿ ಮತ್ತೆ ಹೊಲಿಗೆ ಶುರು ಮಾಡಿದ್ದಳು. ಆದರೆ ಕಾಯಿಲೆ ಬಿಡಲಿಲ್ಲ. ಡಾಕ್ಟರ ಫೀಸು ಕೊಡಲು ಅದನ್ನೇ ಮಾರಬೇಕಾಯಿತು. ತನ್ನ ಜೀವನದಲ್ಲಿ ಅದಕ್ಕಿಂತ ದುಃಖದ ಗಳಿಗೆ ಇಲ್ಲ ಎಂದೇ ಅವಳು ಅಂದುಕೊಂಡಿದ್ದಳು.